ಗುಲಾಬಿ ಹನಿಯ ಪೆಟ್ಟಿಗೆ

ಪೆಟ್ಟಿಗೆ ಕಿತ್ತುಕೊಂಡದ್ದನ್ನು ಕೆಂಡ ಇವತ್ತಿಗೂ ಮರೆತಿಲ್ಲ. ಕಿತ್ತುಕೊಂಡವನು ಹೊರಗಿನವನಲ್ಲ, ಹೆಂಡತಿಯ ಒಡಹುಟ್ಟಿದ ಅಣ್ಣ, ಅವನ ಭಾವ. ಜಗಳವಾಡಿ ಕಿತ್ತುಕೊಂಡಿದ್ದರೆ ಅದೊಂದು ಮಾತು. ಎದುರೆದುರು ನಿಂತು ನಾಲ್ಕು ಬೈದು, ನಾಲ್ಕು ಬೈಸಿಕೊಂಡು, ಸಂಜೆ ಒಟ್ಟಿಗೆ ಚಹಾ ಕುಡಿದು ಮುಗಿಸಬಹುದಿತ್ತು. ಹಾಗಾಗಲಿಲ್ಲ. ಒಂದು ಬೆಳಿಗ್ಗೆ ವ್ಯಾನಿನ ಸೀಟಿನಡಿ ಕೈ ಹಾಕಿದರೆ ನೀರು ಪರೀಕ್ಷಿಸುವ ಪೆಟ್ಟಿಗೆ ಇಲ್ಲ. ಈಚೆಗೆ ತಂದ ಹೊಸ ಪೆಟ್ಟಿಗೆ ಸ್ಟಿಯರಿಂಗಿನ ಮುಂದೆ, ಭಾವನ ಕೈಗೆಟಕುವಂತೆ ಕೂತಿತ್ತು.

"ಇನ್ಮೇಲೆ ನೀರು ನಾನು ನೋಡ್ತೀನಿ. ನೀನು ಬ್ರಷ್ ನೋಡ್ಕೋ," ಎಂದ ಭಾವ, ರಸ್ತೆಯಿಂದ ಕಣ್ಣು ತೆಗೆಯದೆ.

ಯಾಕೆ ಅಂತ ಕೇಳಿದ್ದಕ್ಕೆ ಗೇರ್ ಬದಲಾಯಿಸಿದ, ಅಷ್ಟೆ.

ಕೆಂಡ ಅಂದರೆ ಹೆತ್ತವರು ಇಟ್ಟ ಹೆಸರಲ್ಲ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಓಡಾಡುವವನಿಗೆ ಶಾಲೆಯಲ್ಲಿ ಅಂಟಿದ್ದು. ಶಾಲೆ ಬೇಗ ಬಿಟ್ಟುಹೋಯಿತು, ಹೆಸರು ಬಿಡಲಿಲ್ಲ. ಒಮ್ಮೆ ಶುರುವಾಗದೆ ಸತಾಯಿಸುತ್ತಿದ್ದ ಪಂಪಿಗೆ ಒದ್ದು ಕಾಲಿನ ಹೆಬ್ಬೆರಳು ಮುರಿದುಕೊಂಡಿದ್ದ. ಒದೆ ತಿಂದ ಪಂಪು ಆಮೇಲೆ ವರ್ಷಗಟ್ಟಲೆ ಚಕಾರವೆತ್ತದೆ ಓಡಿತು. ಅದಕ್ಕೂ ನಿನ್ನ ಕಂಡ್ರೆ ಭಯ ಕಣೋ ಎಂದು ಭಾವ ಹೋದಲ್ಲೆಲ್ಲ ಈ ಕತೆ ಹೇಳಿ ನಗಿಸುತ್ತಿದ್ದ. ಆ ದಿನಗಳಲ್ಲಿ ಇಬ್ಬರೂ ಹಾಗಿದ್ದರು.

ಮನೆಗಳ ಈಜುಕೊಳ ನೋಡಿಕೊಳ್ಳುವುದು ಭಾವನ ಕಸುಬು. ಒಂದು ವ್ಯಾನು, ಉದ್ದ ಕೋಲಿನ ಬಲೆ, ಬ್ರಷ್ಷು, ತಳದ ಕೊಳೆ ಎಳೆಯುವ ಪೈಪು, ಕ್ಲೋರಿನ್ ಡಬ್ಬಗಳು, ಆ್ಯಸಿಡ್ ಕ್ಯಾನು. ತಂಗಿಯ ಗಂಡನನ್ನು ಜೊತೆಗೆ ಸೇರಿಸಿಕೊಂಡದ್ದೂ ಅವನೇ, ಕೆಲಸ ಕಲಿಸಿದ್ದೂ ಅವನೇ. ಉಜ್ಜುವುದು, ಸೋಸುವುದು ಕೈಕಾಲು ಗಟ್ಟಿಯಿರುವ ಯಾರಾದರೂ ಮಾಡಬಹುದು. ನೀರು ನೋಡುವುದೇ ಕೆಲಸ. ಕೊಳಕ್ಕೆ ನೀರು ಬಂದು ಬೀಳುವ ಬಾಯಿಯ ಹತ್ತಿರ ತುಂಬಿಸಿಕೊಳ್ಳಬಾರದು, ಮೇಲ್ಮೈಯ ನೀರೂ ಬೇಡ. ಗಾಜಿನ ಕೊಳವೆಯನ್ನು ಬೋರಲು ಹಿಡಿದು, ತೋಳನ್ನು ಮೊಣಕೈವರೆಗೆ ಇಳಿಸಿ, ಕೆಳಗೆ ಹೋದ ಮೇಲೆ ತಿರುಗಿಸಬೇಕು. ಮೊದಲು ಅದೇ ನೀರಲ್ಲಿ ಕೊಳವೆ ತೊಳೆದು ಚೆಲ್ಲಬೇಕು. ನೀರು ಗೀಟಿಗೆ ಸರಿಯಾಗಿ ನಿಲ್ಲಬೇಕು, ಕಣ್ಣು ಆ ಗೀಟಿಗೆ ಸಮನಾಗಿರಬೇಕು. ಹನಿ ಹಾಕುವಾಗ ಸೀಸೆ ನೆಟ್ಟಗಿರಬೇಕು. ವಾಲಿದರೆ ಹನಿಯ ಗಾತ್ರ ಬದಲಾಗಿ ಎಲ್ಲ ಕೆಡುತ್ತದೆ. ಬೆರಳಿಟ್ಟು ಅಲ್ಲಾಡಿಸಬಾರದು, ಮುಚ್ಚಳ ಹಾಕಬೇಕು. ಬೆರಳಿನ ಬೆವರೂ ಸುಳ್ಳು ಹೇಳಿಸುತ್ತದೆ ಎನ್ನುತ್ತಿದ್ದ ಭಾವ. ಆಮೇಲೆ ಬಿಸಿಲಿಗೆ ಬೆನ್ನು ಹಾಕಿ, ಹಿಂದೆ ಬಿಳಿ ಕಾಗದ ಹಿಡಿದು, ತಡಮಾಡದೆ ಪಟ್ಟಿಯ ಬಣ್ಣದ ಜೊತೆ ಹೋಲಿಸಬೇಕು.

ಕೆಂಡನಿಗೆ ಇದು ಒಲಿದಿತ್ತು. ಎಲ್ಲೂ ನಿಲ್ಲದ ಕೈ ಅಲ್ಲಿ ನಿಲ್ಲುತ್ತಿತ್ತು. ಆಗ ಇದ್ದದ್ದು ಹಳದಿ ಹನಿ. ಕ್ಲೋರಿನ್ ಇದ್ದಷ್ಟೂ ನೀರು ಹಳದಿಗೆ ತಿರುಗುತ್ತಿತ್ತು, ಕಡಿಮೆಯಿದ್ದರೆ ನಿಂಬೆಸಿಪ್ಪೆಯಷ್ಟು, ಹೆಚ್ಚಿದ್ದರೆ ಅರಿಶಿನದಷ್ಟು. ಪಕ್ಕದ ಇನ್ನೊಂದು ಕೊಳವೆಯಲ್ಲಿ ಕೆಂಪು ಹನಿಯಿಂದ ಪಿಹೆಚ್ ನೋಡುವುದಿತ್ತು. ಅದನ್ನು ಮಾತ್ರ ಭಾವ ಹಾದುಹೋಗುವಾಗ ಭುಜದ ಮೇಲಿಂದ ಬಗ್ಗಿ ಒಮ್ಮೆ ನೋಡಿ ಹೋಗುತ್ತಿದ್ದ. ಅದು ಭಾವನ ಅಭ್ಯಾಸ ಎಂದುಕೊಂಡಿದ್ದ ಕೆಂಡ. ಹಳದಿಯಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಆಮೇಲೆ ಗುಲಾಬಿ ಹನಿ ಬಂತು. ಹಳದಿ ಹನಿ ಕೊಳೆ ತಿಂದು ಸತ್ತ ಕ್ಲೋರಿನ್ನನ್ನೂ ಬದುಕಿರುವ ಕ್ಲೋರಿನ್ನನ್ನೂ ಒಟ್ಟಿಗೆ ತೋರಿಸುತ್ತದೆ, ಗುಲಾಬಿ ಹನಿ ಬದುಕಿರುವುದನ್ನು ಬೇರೆಯಾಗಿ ತೋರಿಸುತ್ತದೆ, ಇದೇ ಸರಿಯಾದದ್ದು ಎಂದು ಎಲ್ಲರೂ ಅದಕ್ಕೇ ತಿರುಗಿದರು. ಹೊಸ ಪೆಟ್ಟಿಗೆಯಲ್ಲಿ ಕೆಂಡ ಒಂದೆರಡು ಸಲ ನೋಡಿದ. ಅವನು ನೋಡುವುದನ್ನು ಭಾವ ಪಕ್ಕದಲ್ಲಿ ನಿಂತು ನೋಡಿದ. ಅದಾದ ಮರುದಿನವೇ ಪೆಟ್ಟಿಗೆ ಸ್ಟಿಯರಿಂಗಿನ ಮುಂದೆ ಹೋದದ್ದು.

ಹಳೆಯ ಹಳದಿ ಪೆಟ್ಟಿಗೆ ಒಂದೇ ಒಂದು ಕಡೆ ಉಳಿಯಿತು. ನಿವೃತ್ತ ಹಲ್ಲಿನ ಡಾಕ್ಟರೊಬ್ಬರ ಮನೆಯಲ್ಲಿ, ಹಿತ್ತಿಲ ಮೂಲೆಯಲ್ಲಿ, ಸ್ನಾನದ ತೊಟ್ಟಿಗಿಂತ ಸ್ವಲ್ಪ ದೊಡ್ಡದಾದ ಕೊಳವಿತ್ತು. ಡಾಕ್ಟರು ಹಳೇ ಕಾಲದವರು, ಹಳದಿಯೇ ಬೇಕಂತೆ, ಅಲ್ಲಿ ನೀನೇ ನೋಡು ಎಂದ ಭಾವ. ಎಂಜಲು ತಟ್ಟೆ ತನ್ನ ಮುಂದೆ ತಳ್ಳಿದ ಹಾಗಾಯಿತು ಕೆಂಡನಿಗೆ. ಆದರೂ ಹೋಗಿ ನೋಡಿದ. ವಾರಕ್ಕೊಂದು ಸಲ ಅಲ್ಲಿ ಮಂಡಿಯೂರಿ ಹಳದಿ ನೋಡುವ ಹೊತ್ತು ಮಾತ್ರ ಅವನು ಯಾರನ್ನೂ ಬೈಯುತ್ತಿರಲಿಲ್ಲ.

ಉಳಿದ ಹೊತ್ತು ಬೈಯುತ್ತಿದ್ದ. ಹೊಟ್ಟೆಯೊಳಗಿನ ಕುದಿ ಒಂದು ದಿನ ಹೊರಗೆ ಬಿತ್ತು, ಅದೂ ಬೀಗರ ಮುಂದೆ. ಭಾವನ ಮಗಳಿಗೆ ಮದುವೆ ಗೊತ್ತಾಗಿ, ಬೀಗರು ಮೊದಲ ಸಲ ಊಟಕ್ಕೆ ಬಂದಿದ್ದರು. ಹುಡುಗನ ಅಪ್ಪ ಸುಮ್ಮನೆ ಮಾತಿಗೆ, ನೀವೂ ಇದೇ ಕೆಲಸವಾ ಎಂದು ಕೆಂಡನನ್ನು ಕೇಳಿದರು.

"ಕೆಲಸ ಇತ್ತು. ನಿಮ್ಮ ಬೀಗರು ಕದ್ದರು," ಎಂದ ಕೆಂಡ. "ಕಳ್ಳ. ಕೂತಿದಾನಲ್ಲ ಅಲ್ಲಿ, ಕೇಳಿ."

ಭಾವನ ಹೆಂಡತಿ ಬಡಿಸುವ ಸೌಟು ಹಿಡಿದು ಹಾಗೇ ನಿಂತಳು. ಭಾವ ತಲೆ ಎತ್ತಿ ಕೆಂಡನನ್ನು ಒಮ್ಮೆ ನೋಡಿದ, ತಂಗಿಯನ್ನು ಒಮ್ಮೆ ನೋಡಿದ. ಆಮೇಲೆ ಹೆಂಡತಿಗೆ, ಅವನ ತಟ್ಟೆ ಖಾಲಿ ಇದೆ, ಬಡಿಸು ಎಂದ. ಕೆಂಡ ತಟ್ಟೆ ಬಿಟ್ಟು ಎದ್ದು ಬಂದ. ಅಂದಿನಿಂದ ಆ ಮನೆಯಲ್ಲಿ ತೊಟ್ಟು ನೀರು ಕುಡಿಯಲಿಲ್ಲ. ಮದುವೆ ಹೇಗೋ ನಡೆಯಿತು. ವ್ಯಾನಿನಲ್ಲಿ ಇಬ್ಬರ ನಡುವೆ ಕೆಲಸದ ಮಾತು ಬಿಟ್ಟರೆ ಬೇರೆ ಮಾತಿಲ್ಲ. ಬಲೆ ಕೊಡು. ಪಂಪು ನಿಲ್ಲಿಸು. ಹೋಗೋಣ.

ಹೀಗೇ ವರ್ಷಗಳು ಕಳೆದವು. ಒಂದು ಬೆಳಿಗ್ಗೆ ಭಾವ ಹಲ್ಲುಜ್ಜುತ್ತಿದ್ದವನು ಬಚ್ಚಲಲ್ಲೇ ಕುಸಿದ. ಆಸ್ಪತ್ರೆಯಿಂದ ಮನೆಗೆ ಬಂದಾಗ ಬಲಗಡೆ ಪೂರ್ತಿ ಬಿದ್ದುಹೋಗಿತ್ತು, ಮಾತೂ ಹೋಗಿತ್ತು. ಬಾಯಿಂದ ಬರುತ್ತಿದ್ದದ್ದು 'ಹಾ' ಅನ್ನುವ ಒಂದೇ ಸದ್ದು, ಹೌದಿಗೂ ಅದೇ, ಇಲ್ಲಕ್ಕೂ ಅದೇ. ಕೆಂಡ ನೋಡಲು ಹೋದ, ಬಾಗಿಲಲ್ಲೇ ನಿಂತ, ಬಂದ. ವ್ಯಾನಿನ ಕೀ ಭಾವನ ಹೆಂಡತಿ ಕೊಟ್ಟಳು. ಸ್ಟಿಯರಿಂಗಿನ ಮುಂದೆ ಪೆಟ್ಟಿಗೆ ಇತ್ತು. ಅದನ್ನು ಮುಟ್ಟಿದಾಗ ಸಂತೋಷವಾಗಬಹುದು ಅಂದುಕೊಂಡಿದ್ದ. ಏನೂ ಆಗಲಿಲ್ಲ. ಆದರೂ ಒಂದು ತೀರ್ಮಾನ ಮಾಡಿಕೊಂಡ: ಎಲ್ಲ ಕೊಳಗಳನ್ನೂ ಒಬ್ಬನೇ ನೋಡುತ್ತೇನೆ, ಒಂದು ದೂರೂ ಬಾರದ ಹಾಗೆ ನೋಡುತ್ತೇನೆ, ಆಗ ಭಾವನ ಮಂಚದ ಪಕ್ಕ ನಿಂತು ಕೇಳುತ್ತೇನೆ, ಈಗ ಹೇಳು, ನನ್ನ ಕೈಯಲ್ಲಿ ಏನು ಕಡಿಮೆಯಿತ್ತು ಅಂತ.

ಎಲ್ಲಕ್ಕಿಂತ ಮುಖ್ಯವಾದ ಕೊಳ ಹೆಡ್ಮಿಸ್ಟ್ರೆಸ್ ಅಮ್ಮನದು. ಶಾಲೆ ನಡೆಸಿ ನಿವೃತ್ತರಾದ ಒಂಟಿ ಹೆಂಗಸು. ಎರಡೂ ಮಂಡಿ ಹೋಗಿದ್ದವು. ನೀರೊಳಗೆ ನಡೆಯಿರಿ, ಇಲ್ಲದಿದ್ದರೆ ಕುರ್ಚಿಯೇ ಗತಿ ಎಂದು ಡಾಕ್ಟರು ಹೇಳಿದ್ದರಿಂದ ದಿನಾ ಬೆಳಿಗ್ಗೆ ಕಂಬಿ ಹಿಡಿದು ಕೊಳದೊಳಗೆ ಅತ್ತಿಂದಿತ್ತ ನಡೆಯುತ್ತಿದ್ದರು. ಭಾವ ಹೇಳಿಕೊಟ್ಟ ಹಾಗೆಯೇ ಕೆಂಡ ನೀರು ತುಂಬಿದ, ನೆಟ್ಟಗೆ ಹನಿ ಹಾಕಿದ, ಬಿಸಿಲಿಗೆ ಬೆನ್ನು ಹಾಕಿ ನೋಡಿದ. ನೀರು ಬಿಳಿಯಾಗೇ ಇತ್ತು, ಬೇಕೆಂದರೆ ಚೂರು ಮಬ್ಬು. ಪಟ್ಟಿಯ ಚೌಕಗಳೂ ಅವನಿಗೆ ಒಂದಕ್ಕಿಂತ ಒಂದು ಚೂರು ಮಬ್ಬು, ಅಷ್ಟೇ. ಮೊದಲನೆಯದಕ್ಕೆ ಹೊಂದಿಸಿದ. ಕ್ಲೋರಿನ್ ಇಲ್ಲವೇ ಇಲ್ಲ ಎಂದಾಯಿತು. ಸೇರಿಸಿದ. ಮುಂದಿನ ಸಲ ನೋಡಿದರೂ ಹಾಗೇ. ಇನ್ನಷ್ಟು ಸೇರಿಸಿದ. ಅಂಚಿನಲ್ಲಿ ನಿಂತು ನೋಡಿದರೆ ತಳದ ಹೆಂಚಿನ ಗೆರೆ ಗೆರೆ ಕಾಣುವಷ್ಟು ತಿಳಿ. ತಿಳಿ ನೀರೆಲ್ಲ ಸರಿಯಿರುವ ನೀರಲ್ಲ ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ, ಆದರೆ ಕಣ್ಣಿಗೆ ಕಂಡದ್ದು ಅಷ್ಟೇ. ಇಷ್ಟು ವರ್ಷ ಕ್ಲೋರಿನ್ ಡಬ್ಬದ ಮೇಲೆ ಬಗ್ಗಿ ಬಗ್ಗಿ ಮೂಗಂತೂ ಎಂದೋ ಸತ್ತಿತ್ತು.

ಹೆಡ್ಮಿಸ್ಟ್ರೆಸ್ ಅಮ್ಮ ಒಂದು ಬೆಳಿಗ್ಗೆ ಟವೆಲ್ ಸುತ್ತಿಕೊಂಡು ಬಂದು, ನನ್ನ ಕಣ್ಣು ನೋಡಪ್ಪಾ ಎಂದರು. ಕೆಂಡ ನೋಡಿದ.

"ಚೆನ್ನಾಗೇ ಇದೆಯಲ್ಲಮ್ಮಾ."

ಅವರು ಮಕ್ಕಳ ಸುಳ್ಳು ಕೇಳಿ ಕೇಳಿ ಪಳಗಿದ ಮುಖದಲ್ಲಿ ಅವನನ್ನೇ ನೋಡಿದರು. ಮರುದಿನ ನೀರಿಗೆ ಇಳಿಯಲಿಲ್ಲ, ಅದರ ಮರುದಿನವೂ. ಆಮೇಲೆ ಕೆಂಡನ ಹೆಂಡತಿಗೆ ಫೋನ್ ಮಾಡಿದರು. ದೂರು ಹೇಳುವವರೆಲ್ಲ ಅವಳಿಗೇ ಹೇಳುವುದು ರೂಢಿ. ಕೆಂಡನಿಗೆ ನೇರವಾಗಿ ಹೇಳಿ ಯಾರು ಕೈ ಸುಟ್ಟುಕೊಳ್ಳುತ್ತಾರೆ. ಕಣ್ಣು ಕೆಂಡದ ಹಾಗೆ ಕೆಂಪಾಗಿದೆ, ಮೈಯೆಲ್ಲ ಉರಿ, ಈಜುವ ಬಟ್ಟೆಯ ಬಣ್ಣವೇ ಹೋಗಿದೆ, ಮಂಡಿ ಮತ್ತೆ ಹಿಡಿದುಕೊಂಡಿದೆ, ನಾಳೆ ಸರಿಮಾಡದಿದ್ದರೆ ಬೇರೆಯವರನ್ನು ಕರೆಸುತ್ತೇನೆ ಎಂದಿದ್ದರು.

ಹೆಂಡತಿ ಗಂಡನಿಗೆ ಅಷ್ಟನ್ನೂ ಹೇಳಲಿಲ್ಲ. ನಾಳೆ ನಾನೂ ಬರ್ತೀನಿ ಎಂದಳು. ಯಾಕೆ ಎಂದರೆ, ಸುಮ್ಮನೆ, ಗಾಳಿಗೆ ಎಂದಳು.

ಇವರ ಮನೆಯಲ್ಲಿ ಬಣ್ಣದ ವಿಷಯ ಹಳೆಯ ತಮಾಷೆ. ಮಗಳ ಗುಲಾಬಿ ಫ್ರಾಕಿಗೆ ಗುಂಡಿ ತರಲು ಕಳಿಸಿದರೆ ಬೂದು ಗುಂಡಿ ತಂದಿದ್ದ, ಅಂಗಡಿಯವನು ಮೋಸ ಮಾಡಿದ ಎಂದು ಮರಳಿ ಹೋಗಿ ಜಗಳವಾಡಿದ್ದ. ಟೊಮೇಟೊ ತಂದರೆ ಅರ್ಧ ಕಾಯಿ. ಗೇಟಿಗೆ ಹಸಿರು ಬಳಿಯಲು ಹೋಗಿ ಕಂದು ಬಳಿದು, ಇದೇ ಚೆಂದ ಎಂದು ಸಾಧಿಸಿದ್ದ. ಅಪ್ಪನಿಗೆ ಬಟ್ಟೆ ಆರಿಸಲು ಬಿಡಬೇಡಿ ಎಂದು ಮಗಳು ನಗುವಳು. ಹೆಂಡತಿಯೂ ನಗುವಳು, ಆದರೆ ಅವಳ ನಗು ಬೇಗ ನಿಂತುಬಿಡುತ್ತಿತ್ತು. ಅದು ಯಾಕೆಂದು ಅವನು ಯಾವತ್ತೂ ಕೇಳಿದವನಲ್ಲ.

ಮರುದಿನ ಕೊಳದ ಅಂಚಿಗೆ ಹೆಜ್ಜೆ ಇಡುವ ಮೊದಲೇ ಅವಳು ಸೆರಗಲ್ಲಿ ಮೂಗು ಮುಚ್ಚಿಕೊಂಡಳು. ಕೆಂಡ ಮಂಡಿಯೂರಿ ನೀರು ತೆಗೆದ. ಗೀಟಿಗೆ ಸರಿಮಾಡಿದ. ಅವಳು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಳು. ಹನಿ ಬಿತ್ತು.

"ಬಂತು," ಎಂದಳು ಅವಳು. "ಅಯ್ಯೋ, ಹೋಯ್ತಲ್ಲ."

"ಏನು ಬಂತು?"

"ಬಣ್ಣ. ಗುಲಾಬಿ ಬಣ್ಣ. ಬಂದು ಹಾಗೇ ಅಳಿಸಿ ಹೋಯ್ತಲ್ಲ ರೀ, ಈಗ ತಾನೇ."

ಕೆಂಡ ಕೊಳವೆಯನ್ನು ನೋಡಿದ. ಕ್ಲೋರಿನ್ ಮಿತಿ ಮೀರಿದರೆ ಬಣ್ಣವನ್ನೇ ಅದು ಸುಟ್ಟು ಹಾಕುತ್ತದೆ, ಒಂದು ಕ್ಷಣ ಮಿಂಚಿ ಬಿಳಿಯಾಗುತ್ತದೆ, ಅದನ್ನು ನೋಡಿ ಕ್ಲೋರಿನ್ ಇಲ್ಲವೆಂದು ಇನ್ನಷ್ಟು ಸುರಿಯುವವನು ಕಲಿಯದವನು. ಇದು ಭಾವ ಹೇಳಿದ ಮಾತೇ. ಅವನು ಮತ್ತೆ ನೀರು ತೆಗೆದು ಮತ್ತೆ ಹನಿ ಹಾಕಿದ. ಅವಳು ಈ ಸಲ ಕೊಳವೆಯನ್ನು ನೋಡಿ, ಆಮೇಲೆ ಗಲ್ಲಕ್ಕೆ ಕೈ ಕೊಟ್ಟು ಅವನ ಮುಖವನ್ನೇ ನೋಡುತ್ತಿದ್ದಳು.

"ಈಗಲೂ ಬಂತಾ?"

"ಬಂತು."

"ನನಗೆ ಕಾಣಲಿಲ್ಲ."

"ಗೊತ್ತು," ಎಂದಳು.

ಅದೊಂದು ಪದ ಅವಳ ಬಾಯಿಂದ ಜಾರಿದ್ದು. ಜಾರಿದ ಮೇಲೆ ಉಳಿದದ್ದೂ ಬಂತು. ಪೆಟ್ಟಿಗೆ ಬದಲಾದ ದಿನ ಅಣ್ಣ ಹಿತ್ತಿಲ ಬಾಗಿಲಿಂದ ಅವಳ ಹತ್ತಿರ ಬಂದಿದ್ದನಂತೆ. ನಿನ್ನ ಗಂಡನಿಗೆ ಕೆಂಪು ಬಣ್ಣ ಕಾಣಲ್ಲ, ಹುಟ್ಟಿದಾಗಿಂದಲೇ ಇರಬೇಕು, ಅವನಿಗೇ ಗೊತ್ತಿಲ್ಲ, ಹಳದಿ ಇರೋವರೆಗೂ ನಡೀತಿತ್ತು, ಇನ್ನು ನಡೆಯಲ್ಲ ಎಂದನಂತೆ. ಹೇಳಿಬಿಡು ಅಣ್ಣಾ ಎಂದಿದ್ದಳು ಅವಳು. ಹೇಳಿದರೆ ಉರಿದುಬಿಡ್ತಾನೆ, ಪೆಟ್ಟಿಗೆ ಎಸೆದು ಎದ್ದು ಹೋಗ್ತಾನೆ, ಆಮೇಲೆ ಎಲ್ಲೂ ನಿಲ್ಲಲ್ಲ, ನಾನು ಕಿತ್ತುಕೊಂಡೆ ಅಂತ ನನ್ನನ್ನೇ ಬೈಯಲಿ, ಬೈದುಕೊಂಡಾದರೂ ಕೆಲಸಕ್ಕೆ ಬರ್ತಾನೆ ಎಂದು ಅವಳ ಬಾಯಿಗೆ ಬೀಗ ಹಾಕಿದ್ದನಂತೆ.

ಕೆಂಡ ಕಾದ. ಕೋಪ ಈಗ ಬರುತ್ತದೆ, ಕಿವಿ ಬಿಸಿಯಾಗುತ್ತದೆ, ಕೈಯಲ್ಲಿದ್ದದ್ದು ಗೋಡೆಗೆ ಹೋಗುತ್ತದೆ ಎಂದು ಕಾದ. ಹೆಂಡತಿಯೂ ಅದಕ್ಕೇ ಕಾಯುತ್ತಿದ್ದಳು. ಕೊಳವೆ ಒಡೆಯದಿರಲಿ ಎಂದು ಕೈ ಚಾಚಿ ಅದನ್ನು ಮೆಲ್ಲಗೆ ಅವನ ಬೆರಳಿಂದ ಬಿಡಿಸಿಕೊಂಡಳು. ಏನೂ ಬರಲಿಲ್ಲ. ನೀರು ಫಿಲ್ಟರಿನ ಬಾಯಿಯಲ್ಲಿ ಲೊಚಲೊಚ ಅನ್ನುತ್ತಿತ್ತು. ಒದ್ದೆ ಮೊಣಕೈ ಗಾಳಿಗೆ ಒಣಗುತ್ತಿತ್ತು. ಪೆಟ್ಟಾದ ಜಾಗಕ್ಕೆ ಮರಗಟ್ಟಿಸುವ ಸೂಜಿ ಚುಚ್ಚಿದ ಮೇಲೆ ಅಲ್ಲಿ ಒತ್ತಿ ನೋಡಿದರೆ ಹೇಗೋ ಹಾಗೆ, ಒತ್ತಿದ್ದು ಗೊತ್ತಾಗುತ್ತಿತ್ತು, ನೋವು ಮಾತ್ರ ಇರಲಿಲ್ಲ.

"ಹಲ್ಲು ಡಾಕ್ಟರ ಮನೇದು?" ಎಂದು ಕೇಳಿದ.

ಅದನ್ನೂ ಅಣ್ಣನೇ ಹೋಗಿ ಕೇಳಿಕೊಂಡದ್ದು ಎಂದಳು. ಡಾಕ್ಟರಿಗೆ ಹಳದಿಯೂ ಗೊತ್ತಿರಲಿಲ್ಲ, ಗುಲಾಬಿಯೂ ಗೊತ್ತಿರಲಿಲ್ಲ. ಅಲ್ಲಿಯ ಪಿಹೆಚ್ಚಿನ ಕೆಂಪು ಹನಿಯನ್ನು ಮಾತ್ರ, ಕೆಂಡ ನೋಡಿ ಹೋದ ಮೇಲೆ ಯಾವಾಗಲಾದರೂ ಅಣ್ಣ ಹೋಗಿ ನೋಡಿ ಬರುತ್ತಿದ್ದನಂತೆ.

ಆ ದಿನ ಅವರು ಕೊಳದ ಅರ್ಧ ನೀರು ಹೊರಗೆ ಬಿಟ್ಟು ಹೊಸ ನೀರು ತುಂಬಿಸಿದರು. ಹೆಡ್ಮಿಸ್ಟ್ರೆಸ್ ಅಮ್ಮ ಕಿಟಕಿಯಿಂದ ನೋಡುತ್ತಿದ್ದರು. ಕೆಂಡ ಕಿಟಕಿಯ ಕೆಳಗೆ ಹೋಗಿ ನಿಂತು, ನನ್ನ ಕಣ್ಣಿಗೆ ಕೆಂಪು ಕಾಣಲ್ಲಮ್ಮಾ, ಇನ್ಮೇಲೆ ಇವಳು ನೋಡ್ತಾಳೆ ಎಂದ. ಎಷ್ಟು ಸಲೀಸಾಗಿ ಹೇಳಿದ ಎಂದರೆ, ಇವತ್ತು ಪಂಪು ಕೆಟ್ಟಿದೆ ಎಂದ ಹಾಗೆ. ಅದನ್ನು ಮೊದಲೇ ಹೇಳಬಾರದಾ ಎಂದರು ಅವರು. ಮೊದಲು ಗೊತ್ತಿರಲಿಲ್ಲ ಎಂದ. ನೀರು ಒಂದು ಹದಕ್ಕೆ ಬಂದ ಮೇಲೆ ಅವರು ಮತ್ತೆ ಕಂಬಿ ಹಿಡಿದು ಇಳಿದರು.

ಅಂದಿನಿಂದ ಹೆಂಡತಿ ವ್ಯಾನಿನಲ್ಲಿ ಬರತೊಡಗಿದಳು. ಅವನು ನೀರು ತೆಗೆದು, ಹನಿ ಹಾಕಿ, ಕೊಳವೆ ಹಿಡಿದು ಕೊಡುವುದು, ಅವಳು ಬಣ್ಣ ಹೇಳುವುದು. ಅವಳದು ಅಣ್ಣನದೇ ಕಣ್ಣು, ಪಟ್ಟಿಯ ಎರಡಕ್ಕೂ ಮೂರಕ್ಕೂ ನಡುವಿನ ಗುಲಾಬಿಯನ್ನೂ ಹಿಡಿಯುತ್ತಿದ್ದಳು. ಕೆಲವೊಮ್ಮೆ ಅವಳು ಹೇಳಿದ ಮೇಲೂ ಅವನು ಕೊಳವೆಯನ್ನು ಎತ್ತಿ ನೋಡುತ್ತಿದ್ದ. ಬಿಳಿ, ಚೂರು ಮಬ್ಬು.

ಭಾವನ ಮನೆಗೆ ಹೋಗಲು ಶುರುಮಾಡಿದ. ಮಂಚದ ಪಕ್ಕ ನಿಂತು ಕೇಳಬೇಕೆಂದಿದ್ದ ಪ್ರಶ್ನೆ ಈಗ ಇರಲಿಲ್ಲ. ಅದರ ಜಾಗದಲ್ಲಿ ಬೇರೊಂದಿತ್ತು: ಬೀಗರ ಮುಂದೆ ಆಡಿದ ಆ ಪದವನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು. ಏನೇನೂ ಕಷ್ಟದ ಕೆಲಸವಲ್ಲ. ಭಾವಾ, ಅವತ್ತು ಕಳ್ಳ ಅಂದೆ, ತಪ್ಪಾಯ್ತು. ಇಷ್ಟೇ. ವ್ಯಾನು ಓಡಿಸುತ್ತಾ ದಾರಿಯುದ್ದಕ್ಕೂ ಸರಿಯಾಗಿ ಹೇಳಿಕೊಂಡು ಬರುತ್ತಿದ್ದ. ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತರೆ, ಆ ಮಾತಿಗೆ ಹೊರಬರಲು ಬೇಕಾದದ್ದೇನೋ ಒಳಗೆ ಇರುತ್ತಿರಲಿಲ್ಲ. ಒಂದು ದಿನ ಭಾವನ ಹೆಂಡತಿ ಅಲ್ಲೇ ಇದ್ದಳು. ಒಂದು ದಿನ ಭಾವ ನಿದ್ದೆಯಲ್ಲಿದ್ದ. ಒಂದು ದಿನ ಯಾರೂ ಇರಲಿಲ್ಲ, ಭಾವ ಎಚ್ಚರವಾಗಿದ್ದ, ಆವತ್ತೂ ಹೇಳಲಿಲ್ಲ. ತಲೆದಿಂಬು ಸರಿಮಾಡಿದ.

ಅದರ ಬದಲು ನೀರಿನ ಸುದ್ದಿ ಹೇಳುತ್ತಿದ್ದ. "ಹೆಡ್ಮಿಸ್ಟ್ರೆಸ್ ಅಮ್ಮಂದು ಕ್ಲೋರಿನ್ ಎರಡು, ಪಿಹೆಚ್ ಏಳೂವರೆ. ಡಾಕ್ಟರದು ಹಳದಿ ಸರಿಯಾಗಿದೆ."

"ಹಾ," ಎನ್ನುತ್ತಿದ್ದ ಭಾವ.

"ನಿನ್ನ ತಂಗಿ ನೋಡ್ತಾಳೆ ಈಗ."

ಅದನ್ನು ಕೇಳಿದ ದಿನ ಭಾವ ತಲೆ ಹೊರಳಿಸಿ ಅವನನ್ನೇ ನೋಡಿದ. ಬೀಗರ ಊಟದ ದಿನ ನೋಡಿದ ಹಾಗೆಯೇ. ಕೆಂಡನಿಗೆ ವಿಷಯ ಗೊತ್ತಾಗಿದೆಯೆಂದು ಭಾವನಿಗೂ ಗೊತ್ತಾಯಿತು. ಓಡಾಡುವ ಎಡಗೈಯನ್ನು ಸ್ವಲ್ಪ ಎತ್ತಿ ತನ್ನ ಹೆಂಡತಿಯ ಕಡೆ ತೋರಿಸಿದ. ಅವಳು ಅರ್ಥಮಾಡಿಕೊಂಡು ಒಂದು ತಟ್ಟೆಯಲ್ಲಿ ಊಟ ತಂದು ಕೆಂಡನ ಮುಂದೆ ಇಟ್ಟಳು. ಕೆಂಡ ಉಂಡ. ರುಚಿ ತಿಳಿಯಲಿಲ್ಲ, ತಟ್ಟೆ ಮಾತ್ರ ಖಾಲಿ ಮಾಡಿದ.

ಭಾವ ಹೋದದ್ದು ಒಂದು ಮಧ್ಯಾಹ್ನ. ಕೆಂಡ ಫಿಲ್ಟರು ಬಿಚ್ಚಿ ತೊಳೆಯುತ್ತಿದ್ದ. ಹೆಂಡತಿಗೆ ಫೋನ್ ಬಂತು. ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಬಿಚ್ಚಿದ್ದನ್ನು ಹಾಗೇ ಬಿಟ್ಟರೆ ಸಂಜೆಗೆ ನೀರು ಕೆಡುತ್ತದೆ ಎಂದು ಅವನು ಪೂರ್ತಿ ಜೋಡಿಸಿ, ಪಂಪು ಹಾಕಿ, ಕೈ ತೊಳೆದುಕೊಂಡು ಬಂದು ಅವಳನ್ನು ಎಬ್ಬಿಸಿದ. ಆ ಮನೆ ತುಂಬ ಜನ. ಬೀಗರೂ ಬಂದಿದ್ದರು. ಆವತ್ತು ಊಟದ ಮೇಜಿನಲ್ಲಿ ಅವನನ್ನು ಮಾತಾಡಿಸಿದ್ದ ಹಿರಿಯರು ಹತ್ತಿರ ಬಂದು, ಒಳ್ಳೇ ಮನುಷ್ಯ ಅಲ್ವಾ ಎಂದರು. ಅವರ ಮುಂದೆಯಾದರೂ ಹೇಳಬಹುದಿತ್ತು. ಕೆಂಡ ತಲೆಯಾಡಿಸಿದ, ಕುರ್ಚಿ ಸಾಲದೆ ನಿಂತಿದ್ದವರಿಗೆ ಕುರ್ಚಿ ತಂದು ಹಾಕಿದ.

ಈಗಲೂ ಅವನು ಹೆಂಡತಿಯ ಮೇಲೆ ರೇಗುವುದುಂಟು, ನಿನ್ನ ಅಣ್ಣ ಬಾಯಿ ಬಿಟ್ಟು ಒಂದು ಮಾತು ಹೇಳಬಹುದಿತ್ತು ಎಂದು. ನೀವೂ ಹೇಳಬಹುದಿತ್ತು ಎನ್ನುತ್ತಾಳೆ ಅವಳು, ಬಣ್ಣದ ಪಟ್ಟಿಯಿಂದ ಕಣ್ಣು ತೆಗೆಯದೆ. ಅವನು ಮುಂದಿನ ಕೊಳವೆ ತೊಳೆಯಲು ಬಗ್ಗುತ್ತಾನೆ. ಹಲ್ಲು ಡಾಕ್ಟರ ಹಿತ್ತಿಲಿಗೆ ಮಾತ್ರ ಒಬ್ಬನೇ ಹೋಗುತ್ತಾನೆ. ಮಂಡಿಯೂರಿ ತೋಳು ಮೊಣಕೈವರೆಗೆ ಇಳಿಸಿ ನೀರು ತೆಗೆದು, ಹನಿ ಹಾಕಿ, ಹಳದಿ ನೋಡುತ್ತಾನೆ. ಅದು ಸರಿಯಾಗಿ ಕಾಣುತ್ತದೆ. ಆಮೇಲೆ ಪಕ್ಕದ ಕೊಳವೆಗೆ ಕೆಂಪು ಹನಿ ಹಾಕಿ, ಭಾವ ಬಗ್ಗಿ ನೋಡುತ್ತಿದ್ದ ದಿನಗಳ ಅಭ್ಯಾಸದಂತೆ ಭುಜ ಸ್ವಲ್ಪ ಓರೆ ಮಾಡಿ ಹಿಡಿದುಕೊಂಡು ಇರುತ್ತಾನೆ. ಹಿಂದಕ್ಕೆ ತೆಗೆದುಕೊಳ್ಳದ ಆ ಪದ ಅವನ ಹತ್ತಿರವೇ ಉಳಿದಿದೆ.